ಅಜ್ಜನಿಗಿಲ್ಲದ ಸೀನು ಮೊಮ್ಮಗಳಿಗೇಕೆ? ಹೊಟ್ಟೆಹುಳು ಮತ್ತು ಬಿಳಿ ರಕ್ತಕಣದ ಲೆಕ್ಕ

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ತವರು ಹಾನಗಲ್ ಹತ್ತಿರದ ಹಳ್ಳಿ. ನಮ್ಮ ಅಪ್ಪಾರಿಗೆ 64 ವರ್ಷ. ಭತ್ತದ ಗದ್ದೆ, ಮಾವಿನ ತೋಟ ಅಂತ ಆಯುಷ್ಯವೆಲ್ಲ ಬರಿಗಾಲಲ್ಲೇ ದುಡಿದವರು. ಅವರು ಸೀನಿದ್ದು ನಾನು ನೋಡಿಲ್ಲ. ನನ್ನ ಮಗಳಿಗೆ 7 ವರ್ಷ. ವರ್ಷದಲ್ಲಿ ಆರು ತಿಂಗಳು ಸೀನು, ಉಬ್ಬಸ, ಇನ್ಹೇಲರ್. ಬೆಂಗಳೂರಿನಲ್ಲಿರುವ ನನ್ನ ತಮ್ಮ ಹೇಳುತ್ತಾನೆ: "ಅಕ್ಕಾ, ಹೊಟ್ಟ್ಯಾಗ ಹುಳ ಇದ್ರ ಅಲರ್ಜಿ ಬರೂದಿಲ್ಲಂತ. ಫಾರಿನ್ನ್ಯಾಗ ಹುಳದ ತತ್ತಿ ನುಂಗ್ತಾರಂತ. ಶಾಲ್ಯಾಗ ಕೊಡೂ ಹುಳದ ಗುಳಿಗಿ ಕೂಸಿಗೆ ಕೊಡಬ್ಯಾಡ." ಇದು ಖರೆ ಏನು? ಹುಳ ನಮ್ಮ ರಕ್ತಕಣಗಳಿಗೆ ಏನು ಮಾಡುತ್ತದೆ? ಇನ್ನೊಂದು ಮಾತು. ಅಪ್ಪಾರಿಗೆ ಎರಡು ತಿಂಗಳಿಂದ ರಾತ್ರಿ ಕೆಮ್ಮು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ 9,000, ಇಸ್ನೋಫಿಲ್ 16 ಎಂದು ಬಂದಿದೆ. ಯಾರೋ ಕೊಟ್ಟ ಸಣ್ಣ ಬಿಳಿ ಗುಳಿಗೆ ತಗೊಂಡರೆ ಆರಾಮ ಆಗುತ್ತದೆ, ಬಿಟ್ಟರೆ ಮತ್ತೆ ಕೆಮ್ಮು.

ಉತ್ತರ:

ನಿಮ್ಮ ತಮ್ಮ ಸುಳ್ಳು ಹೇಳಿಲ್ಲ, ಓದಿದ್ದನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ ಅಷ್ಟೆ. ಮಗಳ ಗುಳಿಗೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ: ಕೊಡಿ. ಅಪ್ಪಾರ ವಿಷಯ ಕೊನೆಗೆ ಬರುತ್ತದೆ. ನೀವು ಅದನ್ನು "ಇನ್ನೊಂದು ಮಾತು" ಎಂದು ಬರೆದಿದ್ದೀರಿ. ನನಗೆ ಅದೇ ಮೊದಲ ಮಾತಾಗಿ ಕಂಡಿತು. ನಡುವಿನದು ಬೇಸರ ಎನಿಸಿದರೆ ನೇರ ಕೊನೆಗೆ ಹೋಗಿ ಓದಿ, ಆಮೇಲೆ ತಿರುಗಿ ಬನ್ನಿ.

ಆ "ಇಸ್ನೋಫಿಲ್ 16"ರಿಂದ ಶುರುಮಾಡೋಣ. ನಮ್ಮ ಕಡೆ ಇಸ್ನೋಫಿಲಿಯಾ ಎನ್ನುವುದು ಒಂದು ರೋಗದ ಹೆಸರೇ ಆಗಿಬಿಟ್ಟಿದೆ. "ಅವಂಗ ಇಸ್ನೋಫಿಲಿಯಾ ಐತ್ರೀ" ಎಂದರೆ ಹುಬ್ಬಳ್ಳಿಯಲ್ಲಿ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಅದು ಬರೀ ಒಂದು ಎಣಿಕೆ. ನೂರು ಬಿಳಿ ಕಣ ಎಣಿಸಿದರೆ ಅದರಲ್ಲಿ ಹದಿನಾರು ಈ ಜಾತಿಯವು ಎಂದರ್ಥ. 9,000ದಲ್ಲಿ ನೂರಕ್ಕೆ 16 ಎಂದರೆ 1,440. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 500ರ ಒಳಗಿರುವುದು ವಾಡಿಕೆ. ಅಪ್ಪಾರಲ್ಲಿ ಸುಮಾರು ಮೂರು ಪಟ್ಟು ಇವೆ. ಯಾರೋ ಅವನ್ನು ಕರೆಸಿಕೊಂಡಿದ್ದಾರೆ. ಯಾರು ಎನ್ನುವುದು ಪ್ರಶ್ನೆ.

ನಾನು ಮೂವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪರಾವಲಂಬಿ ಹುಳುಗಳ ಪಾಠ ಹೇಳಿದವನು. ಗಾಜಿನ ಸ್ಲೈಡಿನ ಮೇಲೆ ರಕ್ತದ ಹನಿ ಸವರಿ, ಲೀಶ್ಮನ್ ಬಣ್ಣ ಹಾಕಿ ನೋಡಿದರೆ ಈ ಕಣ ಥಟ್ಟನೆ ಕಣ್ಣಿಗೆ ಬೀಳುತ್ತದೆ: ಕನ್ನಡಕದ ಎರಡು ಗಾಜಿನಂತೆ ಎರಡು ಹೋಳಾದ ನೇರಳೆ ನ್ಯೂಕ್ಲಿಯಸ್, ಸುತ್ತ ಒತ್ತೊತ್ತಾಗಿ ಕಿತ್ತಳೆಗೆಂಪು ಕಾಳು. "ಬ್ಯಾಡಗಿ ಮೆಣಸಿನಪುಡಿ ಉದುರಿಸಿದಂಗ ಐತ್ರೀ ಸರ್" ಎಂದು ಹಾವೇರಿ ಕಡೆಯ ಹುಡುಗಿಯೊಬ್ಬಳು ಒಮ್ಮೆ ಹೇಳಿದಳು. ಅವತ್ತಿನಿಂದ ನಾನೂ ಪಾಠದಲ್ಲಿ ಅದನ್ನೇ ಹೇಳುತ್ತ ಬಂದೆ. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇದನ್ನು ಗುರುತಿಸಿದ. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಆ ಹುಡುಗಿಯ ಹೋಲಿಕೆ ಬಣ್ಣಕ್ಕಷ್ಟೇ ಅಲ್ಲ, ಗುಣಕ್ಕೂ ಹೊಂದುತ್ತದೆ. ಕಾಳುಗಳೊಳಗಿನ ಪ್ರೋಟೀನು ಮರಿಹುಳದ ಮೈಮೇಲೆ ಬಿದ್ದರೆ ಅದನ್ನು ಸುಡುತ್ತದೆ. ಹುಳ ಇಲ್ಲದ ಕಡೆ ಚೆಲ್ಲಿದರೆ ನಮ್ಮದೇ ಶ್ವಾಸನಾಳ ಉರಿಯುತ್ತದೆ.

ಹುಳ ಬಂದಾಗ ನಮ್ಮ ರಕ್ತಕಣಗಳಿಗೆ ಎದುರಾಗುವ ಮೊದಲ ತೊಡಕು ಗಾತ್ರದ್ದು. ಬ್ಯಾಕ್ಟೀರಿಯಾ ಬಂದರೆ ಬಿಳಿ ಕಣ ಅದನ್ನು ಇಡಿಯಾಗಿ ನುಂಗಿ ಅರಗಿಸುತ್ತದೆ. ಕೊಕ್ಕೆಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದ. ಅದರ ಪಕ್ಕ ಬಿಳಿ ಕಣಗಳನ್ನು ಸಾಲಾಗಿ ಇಟ್ಟರೆ ಏಳೆಂಟು ನೂರು ಬೇಕಾಗುತ್ತವೆ. ದುಂಡುಹುಳು ಒಂದು ಅಡಿವರೆಗೂ ಬೆಳೆಯುತ್ತದೆ. ನುಂಗುವ ಮಾತೇ ಇಲ್ಲ. ಹಿತ್ತಲಿಗೆ ದನ ನುಗ್ಗಿದರೆ ಯಾರಾದರೂ ಎತ್ತಿ ಹೊರಗೆ ಹಾಕುತ್ತಾರೆಯೇ? ಗದ್ದಲ ಮಾಡಿ, ನೀರೆರಚಿ, ಬಡಿಗೆ ತೋರಿಸಿ ಓಡಿಸುತ್ತಾರೆ. ಕರುಳು ಮಾಡುವುದೂ ಅದನ್ನೇ.

ಗದ್ದಲ ಶುರುಮಾಡುವವರು ಯಾರು ಎಂದು ಬಹಳ ಕಾಲ ಗೊತ್ತಿರಲಿಲ್ಲ. ಕರುಳಿನ ಒಳಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು, ತಲೆಯ ಮೇಲೆ ಕುಚ್ಚು ಕಟ್ಟಿದಂತಿರುವ ಕಣಗಳಿವೆ; ಟಫ್ಟ್ ಕಣ ಎನ್ನುತ್ತಾರೆ. ನಾವು ಓದುವಾಗ ಪುಸ್ತಕದಲ್ಲಿ ಅವುಗಳ ಚಿತ್ರವಿತ್ತು, ಕೆಲಸ ಬರೆದಿರಲಿಲ್ಲ. 2016ರಲ್ಲಿ ಮೂರು ಬೇರೆ ಬೇರೆ ತಂಡಗಳು ಇಲಿಗಳಲ್ಲಿ ತೋರಿಸಿದವು: ಹುಳ ಬಂದದ್ದನ್ನು ರುಚಿ ನೋಡಿ ಗುರುತಿಸುವ ಕಾವಲುಗಾರರು ಇವರೇ. ಇವು ಐಎಲ್-25 ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಅದು ಪಕ್ಕದ ಕಣಗಳನ್ನು ಎಬ್ಬಿಸುತ್ತದೆ. ಅವು ಐಎಲ್-13 ಬಿಡುತ್ತವೆ. ಕರುಳು ಲೋಳೆ ಸುರಿಸಿ, ಸ್ನಾಯು ಬಿಗಿದು ಹುಳವನ್ನು ಕೆಳಕ್ಕೆ ನೂಕುತ್ತದೆ. ಇನ್ನೊಂದು ಸಂದೇಶ, ಐಎಲ್-5, ಮೂಳೆಯ ಮಜ್ಜೆಗೆ ಹೋಗಿ "ಇಸ್ನೋಫಿಲ್ ಕಳಿಸ್ರಿ" ಎನ್ನುತ್ತದೆ. ಮೂರನೆಯದು ಐಎಲ್-4. ಅದು ಪ್ರತಿಕಾಯ ತಯಾರಿಸುವ ಕಣಗಳಿಗೆ ಐಜಿಇ ಎಂಬ ಜಾತಿಯ ಪ್ರತಿಕಾಯ ಮಾಡಲು ಹೇಳುತ್ತದೆ. ಆ ಐಜಿಇ ಮಾಸ್ಟ್ ಕಣಗಳ ಮೈಗೆ ಅಂಟಿ ಕೂರುತ್ತದೆ. ಹುಳದ ಪ್ರೋಟೀನು ತಾಗಿದ ಕೂಡಲೇ ಆ ಕಣ ಸಿಡಿದು ಹಿಸ್ಟಮಿನ್ ಚೆಲ್ಲುತ್ತದೆ: ತುರಿಕೆ, ನೀರು, ಸೀನು, ಕೆಮ್ಮು, ಭೇದಿ. ಎಲ್ಲವೂ "ಹೊರಗೆ ನಡಿ" ಎನ್ನುವ ಕೆಲಸವೇ.

ಇಲ್ಲಿ ನಿಮ್ಮ ಮಗಳ ಮೂಗಿಗೆ ಬರೋಣ. ಕಾಂಗ್ರೆಸ್ ಕಸದ ಪರಾಗವೋ, ಗಾದಿಯೊಳಗಿನ ಧೂಳುಹುಳವೋ (ಡಸ್ಟ್ ಮೈಟ್, ಹೊಟ್ಟೆಹುಳವಲ್ಲ) ಅವಳ ಮೂಗಿಗೆ ಹೋದಾಗ ಓಡುವುದು ಇದೇ ಯಂತ್ರ. ಅದೇ ಐಜಿಇ, ಅದೇ ಮಾಸ್ಟ್ ಕಣ, ಅದೇ ಮೆಣಸಿನಪುಡಿಯ ಕಣ. ಧಾರವಾಡವನ್ನು ಜನ ಧೂಳವಾಡ ಎಂದು ಕರೆಯಲು ಶುರುಮಾಡಿ ಎಷ್ಟೋ ವರ್ಷವಾಯಿತು, ಹಾಗಾಗಿ ಅವಳ ಯಂತ್ರಕ್ಕೆ ಕೆಲಸದ ಕೊರತೆಯಿಲ್ಲ. ಹುಳ ಓಡಿಸಲೆಂದು ಇಟ್ಟ ನಾಯಿ ಪೋಸ್ಟ್‌ಮ್ಯಾನನಿಗೆ ಬೊಗಳುತ್ತಿದೆ ಎನ್ನಿ. ಅಲರ್ಜಿ ಎಂದರೆ ಬಹುಮಟ್ಟಿಗೆ ಇದೇ.

ಈಗ ಹುಳದ ಕಡೆಯಿಂದ ನೋಡಿ. ಇಷ್ಟೆಲ್ಲ ಗದ್ದಲವಿದ್ದೂ ಕೊಕ್ಕೆಹುಳು ಒಬ್ಬರ ಕರುಳಿನಲ್ಲಿ ಮೂರರಿಂದ ಹತ್ತು ವರ್ಷ ಬದುಕುತ್ತದೆ. ಬಾಡಿಗೆಯವರೂ ಅಷ್ಟು ವರ್ಷ ಇರುವುದಿಲ್ಲ. ಹೇಗೆ? ಅದು ದಿನವಿಡೀ ಏನೋ ಒಂದನ್ನು ಸುರಿಸುತ್ತಿರುತ್ತದೆ, ಆ ರಸದಲ್ಲಿ ನೂರಾರು ಬಗೆಯ ಪ್ರೋಟೀನುಗಳಿವೆ. ಒಂದೊಂದಕ್ಕೂ ಒಂದೊಂದು ಕೆಲಸ.

ನನಗೆ ಬಹಳ ಹಿಡಿಸಿದ ಉದಾಹರಣೆ ಹೇಳುತ್ತೇನೆ. ಗಾಯವಾದ ಜಾಗದಿಂದ ಇಯೊಟಾಕ್ಸಿನ್ ಎಂಬ ಸಂದೇಶ ಹೊರಟು ಇಸ್ನೋಫಿಲ್‌ಗಳಿಗೆ ದಾರಿ ತೋರಿಸುತ್ತದೆ. ನೆಕೇಟರ್ ಎಂಬ ಕೊಕ್ಕೆಹುಳು ಒಂದು ಕಿಣ್ವ ಸುರಿಸಿ ಆ ಸಂದೇಶವನ್ನೇ ಕತ್ತರಿಸಿಹಾಕುತ್ತದೆ. ಅಂದರೆ ಪೊಲೀಸರ ಜತೆ ಬಡಿದಾಡುವುದಿಲ್ಲ. ಠಾಣೆಗೆ ಹೋಗುವ ಫೋನಿನ ತಂತಿ ಕತ್ತರಿಸುತ್ತದೆ. ಅದರ ದಾಯಾದಿ ಆಂಕೈಲೋಸ್ಟೋಮ ಇನ್ನೊಂದು ಪ್ರೋಟೀನು ಬಿಟ್ಟು ಬೇರೆ ಬಿಳಿ ಕಣಗಳು ರಕ್ತನಾಳದ ಗೋಡೆಗೆ ಅಂಟಿ ಹೊರಬರದಂತೆ ಮಾಡುತ್ತದೆ. ಇಲಿಯ ಕರುಳಿನ ಹುಳವೊಂದಿದೆ, ಹೆಲಿಗ್ಮೊಸೊಮಾಯ್ಡಿಸ್ ಎಂದು ಬಾಯಿಗೆ ಬಾರದ ಹೆಸರು. ಸ್ಕಾಟ್ಲೆಂಡಿನಲ್ಲಿ ರಿಕ್ ಮೈಜೆಲ್ಸ್ ಮತ್ತು ಜತೆಗಾರರು ದಶಕಗಟ್ಟಲೆ ಇದರ ಬೆನ್ನು ಹತ್ತಿದವರು. 2017ರಲ್ಲಿ ಇದರ ರಸದಿಂದ ಎರಡು ಪ್ರೋಟೀನು ಹೊರಬಂದವು. ಒಂದು, ಕರುಳು ಗಾಯಗೊಂಡಾಗ ಕೂಗುವ ಐಎಲ್-33 ಎಂಬ ಎಚ್ಚರಿಕೆಯನ್ನು ಹಿಡಿದು ಅಲ್ಲೇ ಕಟ್ಟಿಹಾಕುತ್ತದೆ. ಇನ್ನೊಂದು, ನಮ್ಮದೇ ಟಿಜಿಎಫ್-ಬೀಟಾ ಎಂಬ ಸಂದೇಶದ ನಕಲು.

ಈ ನಕಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ರಕ್ತದಲ್ಲಿ ಜಗಳ ಮಾಡುವ ಕಣಗಳಿರುವಂತೆ ಜಗಳ ಬಿಡಿಸುವ ಕಣಗಳೂ ಇವೆ, ನಿಯಂತ್ರಕ ಟಿ ಕಣಗಳು (ಟಿ ಕಣ ಎಂದರೆ ಬಿಳಿ ಕಣದ್ದೇ ಒಂದು ಜಾತಿ). ಊರಲ್ಲಿ ಹೊಡೆದಾಟ ಎದ್ದಾಗ "ಸಾಕ್ರಪಾ, ಕೂಡ್ರಿ" ಎನ್ನುವ ಹಿರಿಯರಿದ್ದಂತೆ. ಇವಿಲ್ಲದಿದ್ದರೆ ನಮ್ಮ ಕಣಗಳು ನಮ್ಮ ಮೈಯನ್ನೇ ತಿಂದುಬಿಡುತ್ತವೆ. ಇವುಗಳ ಶೋಧಕ್ಕೇ 2025ರ ವೈದ್ಯಕೀಯ ನೊಬೆಲ್ ಬಂದದ್ದು: ಜಪಾನಿನ ಶಿಮೊನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್. ಸಾಮಾನ್ಯ ಟಿ ಕಣವೊಂದಕ್ಕೆ ಟಿಜಿಎಫ್-ಬೀಟಾ ತಾಗಿದರೆ ಅದು ಹೀಗೆ ಹಿರಿಯನಾಗಬಲ್ಲದು. ಇಲಿಯ ಆ ಹುಳ ಮಾಡಿದ ಪ್ರೋಟೀನಿನ ಆಕಾರಕ್ಕೂ ನಮ್ಮ ಟಿಜಿಎಫ್-ಬೀಟಾದ ಆಕಾರಕ್ಕೂ ಹೋಲಿಕೆಯೇ ಇಲ್ಲ. ಆದರೂ ಅದೇ ಬೀಗಕ್ಕೆ ಕೂರುತ್ತದೆ, ಬೀಗ ತೆರೆಯುತ್ತದೆ. ಬೇರೆ ಕಮ್ಮಾರನ ಕುಲುಮೆಯಲ್ಲಿ ಬೇರೆ ಕಬ್ಬಿಣದಲ್ಲಿ ಮಾಡಿದ ಕೀಲಿ. ಹುಳ ತನಗೆ ಬೇಕಾದಷ್ಟು ಹಿರಿಯರನ್ನು ತಾನೇ ನೇಮಿಸಿಕೊಳ್ಳುತ್ತದೆ. ಆ ಕಣಗಳು ಐಎಲ್-10 ಸುರಿಸಿ ಸುತ್ತಲಿನವರನ್ನು ತಣ್ಣಗೆ ಮಾಡುತ್ತವೆ. ಪ್ರತಿಕಾಯದ ಜಾತಿಯೂ ನಿಧಾನಕ್ಕೆ ಬದಲಾಗಿ ಐಜಿಇ ಜತೆ ಐಜಿಜಿ-4 ಎಂಬ ಮೆತ್ತಗಿನದು ಹೆಚ್ಚಾಗುತ್ತದೆ. ಇದು ಹುಳದ ಪ್ರೋಟೀನನ್ನು ತಾನೇ ಹಿಡಿದುಕೊಂಡು ಮಾಸ್ಟ್ ಕಣ ಸಿಡಿಯದಂತೆ ನೋಡಿಕೊಳ್ಳುತ್ತದೆ.

ಮನುಷ್ಯರಲ್ಲಿ ಇದನ್ನು ಕಣ್ಣಾರೆ ಕಾಣಬೇಕೆಂದರೆ ಆನೆಕಾಲು ರೋಗ ನೋಡಬೇಕು. ನಮ್ಮ ಜಿಲ್ಲೆಗಳಲ್ಲಿ ಅದು ಊರಿದ ರೋಗವಲ್ಲ. ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರಲ್ಲಿ ನೋಡುತ್ತಿದ್ದೆವು. ರಾತ್ರಿ ಹತ್ತರ ಮೇಲೆ ಬೆರಳು ಚುಚ್ಚಿ ತೆಗೆದ ರಕ್ತದ ಹನಿಯಲ್ಲಿ ಮರಿಹುಳುಗಳು ಬಳುಕಾಡುತ್ತಿರುತ್ತವೆ. ಅಂಥ ಹನಿ ಕೊಟ್ಟ ಮನುಷ್ಯ ಗಟ್ಟಿಮುಟ್ಟಾಗಿ ನಡೆದು ಬಂದವನು, ನಡೆದೇ ಹೋಗುತ್ತಾನೆ. ಕಂಬದಂಥ ಕಾಲಿನವನ ರಕ್ತದಲ್ಲಿ ಹುಡುಕಿದರೆ ಎಷ್ಟೋ ಸಲ ಒಂದು ಮರಿಯೂ ಸಿಗುವುದಿಲ್ಲ! ಮೊದಲ ಸಲ ನೋಡಿದಾಗ ವಿದ್ಯಾರ್ಥಿಗಳು ಸ್ಲೈಡ್ ಅದಲುಬದಲಾಗಿದೆ ಎಂದೇ ತಿಳಿಯುತ್ತಾರೆ. ಅದಲುಬದಲಾಗಿಲ್ಲ. ಮೊದಲಿನವನಲ್ಲಿ ಐಎಲ್-10, ಐಜಿಜಿ-4 ಹೆಚ್ಚು. ಅವನ ಕಣಗಳು ಹುಳದ ಜತೆ ರಾಜಿಯಾಗಿವೆ. ಎರಡನೆಯವನ ಕಣಗಳು ಒಪ್ಪಿಲ್ಲ, ಹೋರಾಡಿವೆ. ಆ ಹೋರಾಟದಲ್ಲಿ ಅವನದೇ ದುಗ್ಧನಾಳಗಳು (ಲಿಂಫ್ ನಾಳಗಳು) ಹಾಳಾಗಿವೆ. ಇನ್ನು ಮೂರನೆಯ ಬಗೆಯವರೂ ಇದ್ದಾರೆ. ಅವರ ಕಣಗಳು ಸಿಟ್ಟಿನಿಂದ ಮರಿಗಳನ್ನು ಶ್ವಾಸಕೋಶದಲ್ಲೇ ಹಿಡಿದು ಕೊಲ್ಲುತ್ತವೆ, ಇಸ್ನೋಫಿಲ್ 3,000 ದಾಟುತ್ತದೆ, ರಾತ್ರಿಯೆಲ್ಲ ಕೆಮ್ಮು. ನಮ್ಮ ಹಳಬರು ಇಸ್ನೋಫಿಲಿಯಾ ಎಂದು ಹೆದರುತ್ತಿದ್ದದ್ದು ಮೂಲದಲ್ಲಿ ಇದಕ್ಕೇ. ಒಂದೇ ಹುಳ, ಮೂರು ಮನುಷ್ಯರು. ಪಾಠ ಹೇಳುವಾಗ ನಾನು ಬೇರೆಲ್ಲ ಬಿಟ್ಟರೂ ಇದನ್ನು ಬಿಟ್ಟವನಲ್ಲ.

ತಲೆಯೊಳಗೆ ಲಾಡಿಹುಳದ ಗುಳ್ಳೆ ಕೂತವರ ಕತೆಯೂ ಇದೇ ಜಾತಿಯದು. ಗುಳ್ಳೆ ಜೀವಂತವಿದ್ದಷ್ಟು ದಿನ, ಕೆಲವೊಮ್ಮೆ ವರ್ಷಗಟ್ಟಲೆ, ಸುತ್ತಲಿನ ಕಣಗಳನ್ನು ಸುಮ್ಮನಿರಿಸಿ ಹಾಯಾಗಿರುತ್ತದೆ. ಅದು ಸಾಯತೊಡಗಿದಾಗ ಸುಮ್ಮನಿರಿಸುವವರು ಇಲ್ಲವಾಗಿ ಬಾವು ಏಳುತ್ತದೆ, ಆಗ ಫಿಟ್ಸ್ ಬರುತ್ತದೆ. ಅದಕ್ಕೇ ಫಿಟ್ಸ್ ಇರುವವರು ಹುಳದ ಗುಳಿಗೆಯನ್ನು ತಮ್ಮ ಮನಸ್ಸಿಗೆ ಬಂದಂತೆ ನುಂಗಬಾರದು.

ಹೀಗೆ, ಹುಳ ನಮ್ಮ ಕಣಗಳನ್ನು ತಣ್ಣಗೆ ಮಾಡುತ್ತದೆ ಎನ್ನುವುದು ಖರೆ. ಆ ತಂಪು ಪಕ್ಕದಲ್ಲಿ ನಡೆಯುವ ಬೇರೆ ಜಗಳಗಳಿಗೂ ತಾಗುತ್ತದೆಯೇ? ನಿಮ್ಮ ತಮ್ಮನ ವಾದ ನಿಂತಿರುವುದು ಈ ಕಂಬದ ಮೇಲೆ. 1989ರಲ್ಲಿ ಲಂಡನ್ನಿನ ಡೇವಿಡ್ ಸ್ಟ್ರಾಚನ್, ಮನೆಯಲ್ಲಿ ಅಣ್ಣ-ಅಕ್ಕಂದಿರು ಹೆಚ್ಚಿದ್ದಷ್ಟೂ ಕಿರಿಯ ಮಕ್ಕಳಿಗೆ ಮೂಗಿನ ಅಲರ್ಜಿ ಕಡಿಮೆ ಎಂದು ಬರೆದ. ಅಲ್ಲಿಂದ "ತೀರಾ ಚೊಕ್ಕಟವಾದರೆ ಅಲರ್ಜಿ" ಎಂಬ ಮಾತು ಹುಟ್ಟಿತು. ಆಫ್ರಿಕಾದ ಗಬಾನ್ ದೇಶದಲ್ಲಿ ಹುಳವಿದ್ದ ಮಕ್ಕಳ ಚರ್ಮಕ್ಕೆ ಧೂಳುಹುಳದ ಪರೀಕ್ಷೆ ಮಾಡಿದರೆ ದದ್ದು ಕಡಿಮೆ ಏಳುತ್ತಿತ್ತು, ಅವರಲ್ಲಿ ಐಎಲ್-10 ಹೆಚ್ಚಿತ್ತು. 2004ರಲ್ಲಿ ಅಲ್ಲೇ ಮತ್ತೆ ಮತ್ತೆ ಹುಳದ ಔಷಧ ಕೊಟ್ಟು ನೋಡಿದಾಗ ದದ್ದು ಹೆಚ್ಚಾಯಿತು. ಅರ್ಜೆಂಟೀನಾದಿಂದ ಬಂದ ವರದಿ ಇನ್ನೂ ಚೋದ್ಯದ್ದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ರೋಗನಿರೋಧಕ ಕಣಗಳೇ ನರಗಳ ಕವಚವನ್ನು ಕಡಿಯುವ ಕಾಯಿಲೆ. ಅಂಥ ರೋಗಿಗಳಲ್ಲಿ ತಾವಾಗಿಯೇ ಹುಳ ಹಿಡಿದಿದ್ದ 12 ಜನರನ್ನು, ಹುಳವಿಲ್ಲದ 12 ಜನರನ್ನು ವರ್ಷಗಟ್ಟಲೆ ನೋಡಿಕೊಂಡರು. ಹುಳವಿದ್ದವರಲ್ಲಿ ರೋಗ ಮರುಕಳಿಸಿದ್ದು ಬಹಳ ಕಡಿಮೆ. ಅವರಲ್ಲಿ ನಾಲ್ವರಿಗೆ ಮುಂದೆ ಹುಳದ ತೊಂದರೆ ಹೆಚ್ಚಾಗಿ ಔಷಧ ಕೊಡಬೇಕಾಯಿತು, ರೋಗ ತಿರುಗಿ ಬಂತು.

ನಿಮ್ಮ ತಮ್ಮ ಬಹುಶಃ ಇಲ್ಲಿಗೆ ಓದು ನಿಲ್ಲಿಸಿದ್ದಾರೆ. ಮುಂದಿನ ಪುಟಗಳು ಹೀಗಿವೆ.

ತತ್ತಿ ನುಂಗಿಸಿದ್ದು ಖರೆ. ಹಂದಿಯ ಚಾಟಿಹುಳದ ತತ್ತಿ; ಮನುಷ್ಯನಲ್ಲಿ ಬಹಳ ದಿನ ಬದುಕುವುದಿಲ್ಲ ಎಂಬ ಧೈರ್ಯಕ್ಕೆ ಅದನ್ನೇ ಆರಿಸಿಕೊಂಡರು. ಅಮೆರಿಕದ ಅಯೋವಾದಲ್ಲಿ ಕರುಳು ಹುಣ್ಣಾಗುವ ಕೊಲೈಟಿಸ್ ರೋಗದ 54 ಜನರ ಮೇಲೆ ಪರೀಕ್ಷೆ ನಡೆದು 2005ರಲ್ಲಿ ಫಲಿತಾಂಶ ಬಂತು: ತತ್ತಿ ಕುಡಿದವರಲ್ಲಿ ನೂರಕ್ಕೆ 43, ಸುಮ್ಮನೆ ನೀರಿನಂಥದ್ದು ಕುಡಿದವರಲ್ಲಿ ನೂರಕ್ಕೆ 17 ಜನರಿಗೆ ಗುಣ ಕಂಡಿತ್ತು. ಎಲ್ಲರೂ ಕುಣಿದಾಡಿದರು. ಕ್ರೋನ್ಸ್ ಎಂಬ ಕರುಳುರೋಗಕ್ಕೆ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದಾಗ, 2013ರಲ್ಲಿ, ತತ್ತಿಗೂ ಸುಳ್ಳು ಔಷಧಕ್ಕೂ ಫರಕು ಕಾಣಲಿಲ್ಲ. ಇಂಗ್ಲೆಂಡಿನ ನಾಟಿಂಗ್ಯಾಮಿನ ಡೇವಿಡ್ ಪ್ರಿಚರ್ಡ್ ಕೊಕ್ಕೆಹುಳದ ಮರಿಗಳಿದ್ದ ಪಟ್ಟಿಯನ್ನು ತನ್ನ ತೋಳಿಗೇ ಕಟ್ಟಿಕೊಂಡ ಆಸಾಮಿ. ಅಲ್ಲಿ ಅಸ್ತಮಾ ರೋಗಿಗಳಿಗೆ ಕೊಕ್ಕೆಹುಳ ಹತ್ತಿಸಿ ನೋಡಿದರು. ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಸ್ಕ್ಲೆರೋಸಿಸ್‌ನ 71 ರೋಗಿಗಳ ಪರೀಕ್ಷೆ 2020ರಲ್ಲಿ ಹೊರಬಂತು. ಹುಳ ಹತ್ತಿಸಿಕೊಂಡವರ ರಕ್ತದಲ್ಲಿ ಜಗಳ ಬಿಡಿಸುವ ಕಣಗಳು ಹೆಚ್ಚಿದ್ದವು, ಅದು ನಿಜ. ಮೆದುಳಿನ ಸ್ಕ್ಯಾನಿನಲ್ಲಿ ಹೊಸ ಗಾಯಗಳು ಮಾತ್ರ ನಂಬುವಷ್ಟು ಕಡಿಮೆಯಾಗಿರಲಿಲ್ಲ. ಸದ್ಯ ಸಂಶೋಧಕರ ಕಣ್ಣು ಹುಳದ ಮೇಲಿಲ್ಲ, ಅದು ಸುರಿಸುವ ಪ್ರೋಟೀನಿನ ಮೇಲಿದೆ. ನನ್ನ ಕೇಳಿದರೆ ಅದೇ ಸರಿ. ಕಳ್ಳನ ಕೈಚಳಕ ಕಲಿಯಲು ಕಳ್ಳನನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ.

ಎಲ್ಲ ಹುಳವೂ ಒಂದೇ ಅಲ್ಲ ಎನ್ನುವುದನ್ನೂ ಸೇರಿಸಬೇಕು. 2006ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಕೊಕ್ಕೆಹುಳ ಇದ್ದವರಲ್ಲಿ ಅಸ್ತಮಾದ ಸಂಭವ ಸುಮಾರು ಅರ್ಧದಷ್ಟಿತ್ತು. ದುಂಡುಹುಳ ಇದ್ದವರಲ್ಲಿ ಮೂರನೇ ಒಂದು ಪಾಲಿನಷ್ಟು ಹೆಚ್ಚಿತ್ತು! ದುಂಡುಹುಳದ ಮರಿ ಶ್ವಾಸಕೋಶದ ಮೂಲಕವೇ ಹಾದು ಬರುತ್ತದೆ. 1922ರಲ್ಲಿ ಜಪಾನಿನ ಕೊಯಿನೊ ಎಂಬಾತ 2,000 ತತ್ತಿ ತಾನೇ ನುಂಗಿ, ಕೆಮ್ಮಿ ಕೆಮ್ಮಿ, ತನ್ನ ಕಫದಲ್ಲಿ ಮರಿಗಳನ್ನು ಎಣಿಸಿ ಇದನ್ನು ತೋರಿಸಿದ. ಮೇಲಾಗಿ ದುಂಡುಹುಳದ ಮೈಯ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಧೂಳುಹುಳದ್ದನ್ನೂ ಜಿರಲೆಯದ್ದನ್ನೂ ಹೋಲುತ್ತದೆ. ಒಂದಕ್ಕೆ ತಯಾರಾದ ಐಜಿಇ ಇನ್ನೊಂದನ್ನೂ ಹಿಡಿಯುತ್ತದೆ. ಪಟ್ಟಣದ ಮಕ್ಕಳಿಗೆ ತೊಳೆಯದ ಸೊಪ್ಪು, ಮಣ್ಣುಗೈಯಿಂದ ಬರುವುದು ಹೆಚ್ಚಾಗಿ ಈ ದುಂಡುಹುಳವೇ. ನಿಮ್ಮ ಮಗಳ ಉಬ್ಬಸಕ್ಕೆ ಅದು ಔಷಧವಾಗುವುದು ದೂರ, ಇನ್ನಷ್ಟು ಕೆರಳಿಸಬಹುದು.

ಆಮೇಲೆ ಹುಳ ತೆಗೆದುಕೊಳ್ಳುವ ಬಾಡಿಗೆ ನೋಡಿ. ಒಂದು ಆಂಕೈಲೋಸ್ಟೋಮ ದಿನಕ್ಕೆ ಹೀರುವ, ಸೋರಿಸುವ ರಕ್ತ ಸುಮಾರು 0.15 ಮಿಲಿಲೀಟರ್. ನೂರು ಹುಳವಿದ್ದರೆ 15 ಮಿಲಿಲೀಟರ್, ದಿನಾ ಮೂರು ಟೀ ಚಮಚ. ಗದಗ, ಹಾವೇರಿ ಕಡೆಯ ಕುರಿಗಾರರಿಗೆ ಇದು ಗೊತ್ತಿದ್ದ ಮಾತು. ಮಳೆ ಬಿದ್ದ ಮೇಲೆ ಕುರಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಾರೆ. ಒಳಗೆ ಬೆಳ್ಳಗಿದ್ದರೆ ಹುಳದ ಔಷಧ. ಇಡೀ ಹಿಂಡು ಒಂದೇ ಹುಲ್ಲು ಮೇಯ್ದರೂ ಹೆಚ್ಚಿನ ಹುಳವೆಲ್ಲ ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ಮನುಷ್ಯರಲ್ಲೂ ಹಾಗೇ, ಒಂದೇ ಓಣಿಯಲ್ಲಿ ಕೆಲವರಷ್ಟೇ ಹುಳದ ಗಂಟು ಹೊತ್ತಿರುತ್ತಾರೆ. ಬೆಳೆಯುವ ಹುಡುಗಿಯಲ್ಲಿ ಈ ರಕ್ತ ಎಲ್ಲಿಂದ ಬರಬೇಕು?

ತಣ್ಣಗಾದ ಕಣಗಳು ಲಸಿಕೆಗೂ ಸರಿಯಾಗಿ ಓಗೊಡುವುದಿಲ್ಲ. ಇಥಿಯೋಪಿಯಾದಲ್ಲಿ ಮೊದಲು ಹುಳದ ಔಷಧ ಕೊಟ್ಟು ಆಮೇಲೆ ಕ್ಷಯದ ಲಸಿಕೆ ಬಿಸಿಜಿ ಚುಚ್ಚಿದಾಗ ಟಿ ಕಣಗಳು ಇನ್ನೂ ಚುರುಕಾಗಿ ಎದ್ದವು. ಈಕ್ವೆಡಾರ್‌ನಲ್ಲಿ ದುಂಡುಹುಳವಿದ್ದ ಮಕ್ಕಳಿಗೆ ಕಾಲರಾ ಲಸಿಕೆಯ ವಿಷಯದಲ್ಲೂ ಇದನ್ನೇ ಕಂಡರು. ಜಗಳ ಬಿಡಿಸುವ ಹಿರಿಯರು ಊರಲ್ಲಿ ಹೆಚ್ಚಾದರೆ ಕಳ್ಳ ಬಂದಾಗಲೂ "ಕೂಡ್ರಿ" ಎನ್ನುತ್ತಾರೆ.

ಅದೇ ಈಕ್ವೆಡಾರ್‌ನ ಹಳ್ಳಿ ಶಾಲೆಗಳಲ್ಲಿ ಒಂದು ವರ್ಷ, ಎರಡು ತಿಂಗಳಿಗೊಮ್ಮೆ ಆಲ್ಬೆಂಡಜೋಲ್ ಎಂಬ ಹುಳದ ಗುಳಿಗೆ ಕೊಟ್ಟು ಅಲರ್ಜಿ ಹೆಚ್ಚುತ್ತದೆಯೇ ಎಂದು ನೋಡಿದರು. ಹೆಚ್ಚಲಿಲ್ಲ. ನಮ್ಮಲ್ಲಿ 2015ರಿಂದ ಫೆಬ್ರವರಿ 10ರ ಸುಮಾರಿಗೆ, ಹಲವು ರಾಜ್ಯಗಳಲ್ಲಿ ಆಗಸ್ಟಿನಲ್ಲೂ, ಶಾಲೆ ಅಂಗನವಾಡಿಗಳಲ್ಲಿ ಕೊಡುವುದು ಇದನ್ನೇ: ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂನ ಒಂದು ಗುಳಿಗೆ, ಚೀಪಿ ಅಗಿದು ನುಂಗುವುದು. ಶಿಕ್ಷಕಿಯಾದ ನಿಮಗೆ ಇದನ್ನು ನಾನು ಹೇಳಬೇಕಿಲ್ಲ; ನೀವೇ ನಿಂತು ಹಂಚಿರುತ್ತೀರಿ. ಅವತ್ತು ಮಗಳಿಗೆ ಜ್ವರವಿದ್ದರೆ ಆರಾಮಾದ ಮೇಲೆ ಕೊಡಿ. ಇನ್ಹೇಲರ್ ಬಿಡಬೇಡಿ. ಅದರಲ್ಲಿ ಸ್ಟೆರಾಯ್ಡ್ (ಬಾವು ತಗ್ಗಿಸುವ ಔಷಧ) ಇದ್ದರೂ ಬಹಳ ಕಡಿಮೆ, ಅದಕ್ಕೂ ನಾನು ಮುಂದೆ ಹೇಳಲಿರುವ ಅಪ್ಪಾರ ಗುಳಿಗೆಗೂ ಸಂಬಂಧವಿಲ್ಲ.

ಹಾಗಾದರೆ ಅಜ್ಜ ಯಾಕೆ ಸೀನಲಿಲ್ಲ? ಹುಳವೂ ಒಂದು ಕಾರಣವಿರಬಹುದು. ದನದ ಕೊಟ್ಟಿಗೆಯ ಗಾಳಿ, ಒಡಹುಟ್ಟಿದವರ ಸಾಲು, ಅವರು ಚಿಕ್ಕವರಿದ್ದಾಗ ಇಷ್ಟು ಕಾಂಗ್ರೆಸ್ ಕಸ, ಇಷ್ಟು ಗಾಡಿಹೊಗೆ ಇಲ್ಲದ್ದು, ಎಲ್ಲವೂ ಅದರಲ್ಲಿದೆ. ಒಂದೇ ದಾರ ಎಳೆದು ಇದೇ ಎನ್ನಲಾಗದು.

ಈಗ ಅಪ್ಪಾರು. ಬರಿಗಾಲು, ಹಾನಗಲ್ಲಿನ ತಂಪು ಮಣ್ಣು, ತೋಟದ ನೆರಳು: ಚರ್ಮದಿಂದ ಒಳಬರುವ ಹುಳುಗಳಿಗೆ ಇದಕ್ಕಿಂತ ಒಳ್ಳೆ ಜಾಗ ಬೇಡ. ನವಲಗುಂದದ ಬಿಸಿಲಿಗೆ ಬಿರಿದ ಎರೆಭೂಮಿಯಲ್ಲಿ ಆ ಮರಿಗಳು ಒಣಗಿ ಸಾಯುತ್ತವೆ, ನೆರಳಿನ ಸಡಿಲ ಹಸಿಮಣ್ಣಿನಲ್ಲಿ ವಾರಗಟ್ಟಲೆ ಕಾಯುತ್ತವೆ. 1890ರ ದಶಕದಲ್ಲಿ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ವಿಜ್ಞಾನಿ ಕೊಕ್ಕೆಹುಳದ ಮರಿಗಳಿದ್ದ ನೀರನ್ನು ಅಕಸ್ಮಾತ್ ಕೈಮೇಲೆ ಚೆಲ್ಲಿಕೊಂಡ. ಉರಿ, ಕೆಂಪು. ಕೆಲವು ವಾರಗಳಾದ ಮೇಲೆ ತನ್ನದೇ ಮಲದಲ್ಲಿ ತತ್ತಿ ಕಂಡ. ಚರ್ಮದ ದಾರಿ ತಿಳಿದದ್ದು ಹಾಗೆ.

ಕೊಕ್ಕೆಹುಳದ ಜತೆ ಅದೇ ದಾರಿಯಲ್ಲಿ ಬರುವ ಇನ್ನೊಂದಿದೆ, ಸ್ಟ್ರಾಂಗಿಲಾಯ್ಡಿಸ್. ಕೂದಲಿಗಿಂತ ಸಣ್ಣದು. ಮಿಕ್ಕ ಹೊಟ್ಟೆಹುಳುಗಳಲ್ಲಿ ಹೆಚ್ಚಿನವು ನಮ್ಮೊಳಗೆ ತತ್ತಿ ಇಟ್ಟರೂ ಸಂಖ್ಯೆ ಹೆಚ್ಚಿಸಿಕೊಳ್ಳಲಾರವು, ತತ್ತಿ ಹೊರಗೆ ಹೋಗಲೇಬೇಕು. ಇದು ಒಳಗೇ ಮರಿಮಾಡಿ, ಆ ಮರಿ ಕರುಳಿನಿಂದಲೇ ಮತ್ತೆ ಮೈಯೊಳಗೆ ನುಗ್ಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಥಾಯ್ಲೆಂಡ್-ಬರ್ಮಾ ರೈಲುಹಳಿ ಹಾಕಲು ದುಡಿಸಿಕೊಂಡ ಯುದ್ಧಕೈದಿಗಳಲ್ಲಿ ನಲವತ್ತು ವರ್ಷಗಳಾದ ಮೇಲೂ ಈ ಹುಳ ಸಿಕ್ಕಿದೆ. ಅಷ್ಟು ವರ್ಷ ಅದು ಹದ್ದು ಮೀರದಂತೆ ನೋಡಿಕೊಂಡದ್ದು ಯಾರು? ಮೇಲೆ ಹೇಳಿದ ಆ ಮೆಣಸಿನಪುಡಿಯ ಕಣ, ಐಜಿಇ, ಟಿ ಕಣಗಳ ಕಾವಲು. ಅಪ್ಪಾರ 1,440 ಅದೇ ಕಾವಲಿನ ಲೆಕ್ಕವಾಗಿರಬಹುದು.

ಸಣ್ಣ ಬಿಳಿ ಗುಳಿಗೆ, ತಗೊಂಡ ಕೂಡಲೇ ಆರಾಮ, ಬಿಟ್ಟರೆ ಮತ್ತೆ ಕೆಮ್ಮು ಎಂದಿರಲ್ಲ? ನೋಡದೆ ಹೇಳಬಾರದು, ಆದರೆ ನನ್ನ ಅನುಮಾನ ಸ್ಟೆರಾಯ್ಡ್ ಮೇಲೆ. ಸ್ಟೆರಾಯ್ಡ್ ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ಇಸ್ನೋಫಿಲ್ ಕುಸಿಯುತ್ತದೆ. ಕೆಮ್ಮು ನಿಲ್ಲುತ್ತದೆ, ರಿಪೋರ್ಟ್ ಚಂದ ಬರುತ್ತದೆ, ಕಾವಲು ಎದ್ದುಹೋಗಿರುತ್ತದೆ. ಒಳಗೆ ಸ್ಟ್ರಾಂಗಿಲಾಯ್ಡಿಸ್ ಇದ್ದರೆ ಆಗ ಸಾವಿರಗಟ್ಟಲೆ ಮರಿಗಳು ಕರುಳು ಕೊರೆದು ಶ್ವಾಸಕೋಶ, ಮೆದುಳುವರೆಗೂ ಹರಡುತ್ತವೆ, ಜತೆಗೆ ಕರುಳಿನ ಬ್ಯಾಕ್ಟೀರಿಯಾವನ್ನೂ ರಕ್ತಕ್ಕೆ ಎಳೆದೊಯ್ಯುತ್ತವೆ. ಅಲ್ಲಿಗೆ ಹೋದರೆ ಬದುಕಿಸುವುದು ಕಷ್ಟ. ಶಾಲೆಯ ಆಲ್ಬೆಂಡಜೋಲಿನ ಒಂದು ಗುಳಿಗೆ ಈ ಹುಳಕ್ಕೆ ಸಾಲದು. ತೂಕ ನೋಡಿ ಕೊಡುವ ಐವರ್‌ಮೆಕ್ಟಿನ್ ಬೇಕು.

ಅವರ ಕೆಮ್ಮು ಬರೀ ಅಸ್ತಮಾ ಇರಬಹುದು, ಆನೆಕಾಲಿನ ಹುಳದ್ದಿರಬಹುದು, ಬೇರೆಯದೂ ಇರಬಹುದು. ಎರಡು ವಾರ ಮೀರಿದ ಕೆಮ್ಮು ಎಂದಮೇಲೆ ಕ್ಷಯದ ಕಫ ಪರೀಕ್ಷೆಯೂ ಆಗಬೇಕು. ಈ ವಾರವೇ ಹಾವೇರಿಯ ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿಗೋ, ಜನರಲ್ ಮೆಡಿಸಿನ್ ವಿಭಾಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಗುಳಿಗೆಯ ಖಾಲಿ ಪಟ್ಟಿ, ಪಟ್ಟಿಯಿಲ್ಲದೆ ಕಾಗದದಲ್ಲಿ ಕಟ್ಟಿಕೊಟ್ಟಿದ್ದರೆ ಆ ಗುಳಿಗೆಯೇ ಕೈಯಲ್ಲಿರಲಿ. ಎಷ್ಟು ದಿನದಿಂದ, ದಿನಕ್ಕೆಷ್ಟು ಎಂದು ಬರೆದುಕೊಳ್ಳಿ. ವಾರಗಟ್ಟಲೆ ದಿನಾ ತಗೊಂಡಿದ್ದರೆ ನನ್ನ ಮಾತು ಕೇಳಿ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಹೇಗೆ ಇಳಿಸಬೇಕೆಂದು ಅವರು ಹೇಳುತ್ತಾರೆ. "ಬರಿಗಾಲಲ್ಲಿ ದುಡಿದವರು, ಇಸ್ನೋಫಿಲ್ 1,440, ಸ್ಟೆರಾಯ್ಡ್ ಇರಬಹುದು, ಸ್ಟ್ರಾಂಗಿಲಾಯ್ಡಿಸ್ ನೋಡ್ರಿ" ಎಂದು ನೀವೇ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ. ಮಲದ ಪರೀಕ್ಷೆಗೆ ಮೂರು ಬೇರೆ ಬೇರೆ ದಿನದ ಮಾದರಿ ಕೊಡಿ. ಒಂದೇ ದಿನದ್ದರಲ್ಲಿ ಈ ಹುಳ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಅದೇ ಬೆಳಗಿನದಾಗಿರಲಿ, ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ತಂಪಿಗೆ ಮರಿ ಸತ್ತರೆ ಲ್ಯಾಬಿನವರಿಗೆ ಕಾಣುವುದಿಲ್ಲ.